ಏರ್‌ಪೋರ್ಟ್ ಬೇಲಿ ಮುರಿಯಬೇಕು ಅಂದ್ರೆ ಏನರ್ಥ?

ಪ್ರಶ್ನೆ: ನಮ್ಮ ತೋಟ ಮಂಗಳೂರಿನ ಬಜ್ಪೆ ಏರ್‌ಪೋರ್ಟ್‌ನಿಂದ ಹೆಚ್ಚು ದೂರ ಇಲ್ಲ. ಇಂಜಿನಿಯರಿಂಗ್ ಓದುವ ಮೊಮ್ಮಗ ಮೊನ್ನೆ ಒಂದು ವಿಷಯ ಹೇಳಿದ. ಕೆಲವು ದೇಶಗಳಲ್ಲಿ ಏರ್‌ಪೋರ್ಟ್ ಸುತ್ತ ಫೈಬರ್ ಬೇಲಿ ಹಾಕುತ್ತಾರಂತೆ, ವಿಮಾನ ತಾಗಿದರೆ ಅದು ಮುರಿದು ಬೀಳುತ್ತದಂತೆ. ನನಗೆ ನಂಬಿಕೆ ಬರಲಿಲ್ಲ. ಕಳ್ಳರು, ಉಗ್ರರು ನುಗ್ಗದಿರಲಿ ಅಂತ ಅಲ್ವಾ ಬೇಲಿ ಹಾಕೋದು? ಮುರಿಯೋ ಬೇಲಿ ಹಾಕಿದರೆ ಭದ್ರತೆ ಎಲ್ಲಿ ಉಳಿಯಿತು? (ಓದುಗರೊಬ್ಬರು, ನಿವೃತ್ತ ಶಿಕ್ಷಕರು)

ಉತ್ತರ: ಮಾಷ್ಟ್ರೇ, ನಿಮ್ಮ ಮೊಮ್ಮಗ ಹೇಳಿದ್ದು ನಿಜ. ನಿಮ್ಮ ಅನುಮಾನವೂ ನ್ಯಾಯವಾದದ್ದೇ. ಏರ್‌ಪೋರ್ಟ್ ಸಿವಿಲ್ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ಇಂಥ ಬೇಲಿಯ ನಕ್ಷೆ ಮೊದಲ ಸಲ ಕೈಗೆ ಬಂದಾಗ ನನಗೂ ಇದೇ ಪ್ರಶ್ನೆ ಎದ್ದಿತ್ತು.

ನಿಮ್ಮ ತೋಟದ ಬೇಲಿಯನ್ನೇ ನೋಡಿ. ದನ, ಹಂದಿ, ಕಳ್ಳ, ಎಲ್ಲ ಬರುವುದು ಹೊರಗಿಂದ. ಒಳಗಿರುವ ತೆಂಗು, ಅಡಿಕೆ ಇದ್ದಲ್ಲೇ ಇರುತ್ತವೆ. ಹಾಗಾಗಿ ಬೇಲಿ ಎಷ್ಟು ಗಟ್ಟಿಯಾದರೂ ನಷ್ಟವಿಲ್ಲ. ಏರ್‌ಪೋರ್ಟ್‌ನಲ್ಲಿ ಹಾಗಲ್ಲ. ಅಲ್ಲಿ ಒಳಗಡೆ 60 ಟನ್‌ಗೂ ಹೆಚ್ಚು ತೂಕದ ವಿಮಾನ ಗಂಟೆಗೆ 250 ಕಿ.ಮೀ. ವೇಗದಲ್ಲಿ ಇಳಿಯುತ್ತದೆ, ಏರುತ್ತದೆ. ಅದರ ರೆಕ್ಕೆಯೊಳಗೆ ಇಂಧನ ತುಂಬಿರುತ್ತದೆ. ಸಾವಿರಾರು ಸಲದಲ್ಲಿ ಒಂದು ಸಲವೂ ಅದು ದಾರಿ ತಪ್ಪಬಾರದು, ಆದರೆ ಅಪರೂಪಕ್ಕೆ ತಪ್ಪುತ್ತದೆ. ಆಗ ಅದರ ಎದುರಿಗೆ ಏನಿರುತ್ತದೆ ಅನ್ನುವುದೇ ಬದುಕು ಸಾವಿನ ಪ್ರಶ್ನೆ.

2010ರ ಮೇ 22ನ್ನು ನಿಮ್ಮ ಊರಿನವರಿಗೆ ನಾನು ನೆನಪಿಸಬೇಕಾಗಿಲ್ಲ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಜನರಿದ್ದರು. ಉಳಿದವರು 8 ಜನ ಮಾತ್ರ. ರನ್‌ವೇಯ ಅರ್ಧಕ್ಕಿಂತ ಹೆಚ್ಚು ದೂರ ದಾಟಿದ ಮೇಲೆ ವಿಮಾನ ನೆಲ ಮುಟ್ಟಿತು. ಅಪಘಾತಕ್ಕೆ ಮುಖ್ಯ ಕಾರಣ ಅದೇ. ಇಳಿಯುವ ರೀತಿ ಸರಿಯಿಲ್ಲ ಅಂತ ಗೊತ್ತಾದರೂ ಕ್ಯಾಪ್ಟನ್ ವಿಮಾನವನ್ನು ಮತ್ತೆ ಮೇಲೆತ್ತಲಿಲ್ಲ. ಆದರೆ ರನ್‌ವೇ ದಾಟಿದ ಮೇಲೆ ಏನಾಯಿತು ಅನ್ನುವುದನ್ನೂ ನೋಡಬೇಕು. ವಿಮಾನದ ಬಲ ರೆಕ್ಕೆ ಲೋಕಲೈಸರ್ ಆಂಟೆನಾದ ಕಾಂಕ್ರೀಟ್ ರಚನೆಗೆ ಬಡಿಯಿತು. ಆಮೇಲೆ ಗಡಿಬೇಲಿ ದಾಟಿ ಕಣಿವೆಗೆ ಬಿತ್ತು. ಲೋಕಲೈಸರ್ ಅಂದರೆ ವಿಮಾನಕ್ಕೆ ರನ್‌ವೇಯ ನಡುಗೆರೆ ತೋರಿಸುವ ರೇಡಿಯೊ ಸಾಧನ. ಅದು ವಿಮಾನದ ಹಾದಿಯ ನೇರಕ್ಕೇ ನಿಂತಿರುತ್ತದೆ. ಆದ್ದರಿಂದ ಅದರ ಬುಡ ತಾಗಿದರೆ ಮುರಿಯುವಂತೆ ಇರಬೇಕು. ಅಲ್ಲಿ ಹಾಗಿರಲಿಲ್ಲ.

ಹದಿನಾಲ್ಕು ವರ್ಷ ಕಳೆದ ಮೇಲೆ, 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೇಜು ಏರ್ ವಿಮಾನ ಚಕ್ರ ಇಳಿಸದೆ ಹೊಟ್ಟೆಯ ಮೇಲೆ ಇಳಿಯಿತು. ರನ್‌ವೇ ಮೇಲೆ ಜಾರುತ್ತಾ ಬರುವಾಗ ಅದು ಇಡಿಯಾಗಿಯೇ ಇತ್ತು. ರನ್‌ವೇ ಮುಗಿದ ಮೇಲೆ ಅಲ್ಲೂ ಲೋಕಲೈಸರ್ ಆಂಟೆನಾ ಇತ್ತು. ಅದನ್ನು ಮಣ್ಣಿನ ದಿಬ್ಬದೊಳಗೆ ಕಾಂಕ್ರೀಟ್ ಹಾಕಿ ನಿಲ್ಲಿಸಿದ್ದರು. ವಿಮಾನ ಅದಕ್ಕೆ ಗುದ್ದಿ ಹೊತ್ತಿಕೊಂಡಿತು. 181 ಜನರಲ್ಲಿ 179 ಜನ ಹೋದರು. ಆ ದೃಶ್ಯವನ್ನು ನಾನು ಒಂದೇ ಸಲ ನೋಡಿದ್ದು. ಇನ್ನೊಂದು ಸಲ ನೋಡಲು ಮನಸ್ಸಾಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಅಂತಾರಲ್ಲ, ವಿಮಾನ ಕಾಯಲು ಇಟ್ಟ ವಸ್ತುವೇ ಜನರ ಜೀವ ತೆಗೆಯಿತು.

ಈ ಎರಡೂ ಕಡೆ ವಿಮಾನಕ್ಕೆ ಅಡ್ಡ ಬಂದದ್ದು ಆಂಟೆನಾದ ಬುಡ, ಬೇಲಿಯಲ್ಲ, ನಿಜ. ಆದರೆ ನಿಯಮ ಎರಡಕ್ಕೂ ಒಂದೇ ತತ್ವದ ಮೇಲೆ ನಿಂತಿದೆ. ಬೇಲಿ, ಗೋಡೆ ಕೂಡ ಸುಮ್ನೆ ದೂರದ ವಿಷಯ ಅಂದುಕೊಳ್ಳಬೇಡಿ. 2018ರ ಅಕ್ಟೋಬರ್ 12ರ ನಡುರಾತ್ರಿ ತಿರುಚ್ಚಿಯಿಂದ ದುಬೈಗೆ ಹೊರಟ ಬೋಯಿಂಗ್ 737 ಏರುವಾಗಲೇ ಲೋಕಲೈಸರ್ ಆಂಟೆನಾಗೆ, ಕಾಂಪೌಂಡ್ ಗೋಡೆಯ ತಲೆಗೆ ತಾಗಿತು. ಹೊಟ್ಟೆಯ ತಗಡು ಹರಿದುಹೋಗಿತ್ತು. ಒಳಗೆ 136 ಜನರಿದ್ದರು. ಕೆಲವು ಗಂಟೆ ಹಾರಿ ಮುಂಬೈಯಲ್ಲಿ ಇಳಿದರು. ಯಾರಿಗೂ ಏನೂ ಆಗಲಿಲ್ಲ. ಇನ್ನು ಒಂದೆರಡು ಅಡಿ ಕೆಳಗಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಈಗ ಮುರಿಯುವ ವಿಷಯಕ್ಕೆ ಬರೋಣ. ಈ ಗುಣಕ್ಕೆ ನಮ್ಮ ಕೆಲಸದಲ್ಲಿ ಫ್ರಾಂಜಿಬಲ್ ಅನ್ನುತ್ತೇವೆ. ಮನೆಯ ಮಿಕ್ಸಿ ಜಾರ್ ಕೂರುವ ಕಡೆ ಒಂದು ಕಪ್ಲರ್ ಇರುತ್ತದಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಅರಿಶಿನ ಕೊಂಬು ಸಿಕ್ಕಿಕೊಂಡು ಬ್ಲೇಡ್ ನಿಂತರೆ ಮೊದಲು ಹಲ್ಲು ಕಿತ್ತುಹೋಗುವುದು ಕಪ್ಲರ್‌ದೇ. ಮೋಟರ್ ಉಳಿಯುತ್ತದೆ. ದಿನಾ ಕಾಯಿ ಕಡೆಯುವಾಗ ಅದೇ ಕಪ್ಲರ್ ಅಲ್ಲಾಡುವುದೂ ಇಲ್ಲ. ಅಂದರೆ ಅದು ದುರ್ಬಲ ಅಂತಲ್ಲ. ಇಷ್ಟರವರೆಗೆ ತಡೆದುಕೋ, ಅದಕ್ಕಿಂತ ಜಾಸ್ತಿ ಬಂದರೆ ನೀನೇ ಮೊದಲು ಹೋಗು ಅಂತ ಲೆಕ್ಕ ಹಾಕಿ ಮಾಡಿದ ವಸ್ತು ಅದು. ಟ್ರಾಕ್ಟರ್ ರೋಟವೇಟರ್‌ನ ಶಿಯರ್ ಬೋಲ್ಟ್ ಕೂಡ ಹೀಗೇ.

ಏರ್‌ಪೋರ್ಟ್‌ಗಳಿಗೆ ಈ ಲೆಕ್ಕ ಹಾಕಿಕೊಟ್ಟಿರುವುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಐಕಾವೊ. ರನ್‌ವೇ ಹತ್ತಿರ ಇರಲೇಬೇಕಾದ ದೀಪದ ಕಂಬ, ಆಂಟೆನಾ ಇಂಥವಕ್ಕೆ ಅದು ಎರಡು ಪರೀಕ್ಷೆ ಇಟ್ಟಿದೆ. 3,000 ಕಿಲೋ ತೂಕದ ಸಣ್ಣ ವಿಮಾನ ಗಾಳಿಯಲ್ಲಿ ಗಂಟೆಗೆ 140 ಕಿ.ಮೀ. ವೇಗದಲ್ಲಿ ತಾಗಬಹುದು, ಅಥವಾ ನೆಲದ ಮೇಲೆ 50 ಕಿ.ಮೀ. ವೇಗದಲ್ಲಿ ತಾಗಬಹುದು. ಎರಡರಲ್ಲೂ ಕಂಬ ಮುರಿಯಬೇಕು, ಬಾಗಬೇಕು ಅಥವಾ ಬಿಟ್ಟುಕೊಡಬೇಕು. ಸಣ್ಣ ವಿಮಾನವನ್ನೇ ಯಾಕೆ ಹಿಡಿದರು? ಅದೇ ಹೆಚ್ಚು ಸೂಕ್ಷ್ಮ. ಅದನ್ನು ಉಳಿಸುವ ಕಂಬ ದೊಡ್ಡದನ್ನೂ ಉಳಿಸುತ್ತದೆ. ಮುರಿಯುವಾಗ ಕಂಬ ವಿಮಾನದ ಮೇಲೆ ಹಾಕುವ ಬಲ 45 ಕಿಲೋನ್ಯೂಟನ್ ಮೀರಬಾರದು, ಶಕ್ತಿ 55 ಕಿಲೋಜೂಲ್ ಮೀರಬಾರದು. ಬೇಲಿ ಮಾಡುವವರೂ ಇದೇ ಅಳತೆ ಎದುರಿಗಿಟ್ಟುಕೊಳ್ಳುತ್ತಾರೆ.

ಇಷ್ಟು ಲೆಕ್ಕ ಯಾಕೆ ಹೇಳಿದೆ ಅಂದರೆ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. 75 ಕಿಲೋ ತೂಕದ ಒಬ್ಬ ಗಟ್ಟಿ ಆಳು ಜೋರಾಗಿ ಓಡಿ ಬಂದು ಬೇಲಿಗೆ ಗುದ್ದಿದರೆ ಅವನ ಹತ್ತಿರ ಇರುವ ಶಕ್ತಿ ಹೆಚ್ಚೆಂದರೆ ಒಂದೆರಡು ಕಿಲೋಜೂಲ್. 140 ಕಿ.ಮೀ. ವೇಗದ ಆ ಸಣ್ಣ ವಿಮಾನದ್ದು 2,200 ಕಿಲೋಜೂಲ್‌ಗೂ ಜಾಸ್ತಿ. ನಡುವೆ ಸಾವಿರ ಪಟ್ಟಿಗೂ ಮೀರಿದ ಅಂತರ ಇದೆ. ಮನುಷ್ಯನಿಗೆ ಜಗ್ಗದ, ವಿಮಾನಕ್ಕೆ ಜಗ್ಗುವ ಬೇಲಿ ಮಾಡಲು ಇಂಜಿನಿಯರಿಗೆ ಇಷ್ಟು ಜಾಗ ಸಾಕೋ ಸಾಕು. ಗಾಳಿ, ಜೆಟ್ ಇಂಜಿನ್ನಿನ ಬಿಸಿಗಾಳಿ, ಮೇಲೆ ಹತ್ತುವವನ ತೂಕ, ಇವೆಲ್ಲ ಸಾವಕಾಶವಾಗಿ ಒತ್ತುವ ಭಾರ. ಬೇಲಿ ಅವನ್ನು ತಡೆಯುತ್ತದೆ. ಕ್ಷಣಾರ್ಧದ ಹೊಡೆತಕ್ಕೆ ಮಾತ್ರ ಮುರಿಯುತ್ತದೆ.

ಇದಕ್ಕೆ ಕಬ್ಬಿಣ ಯಾಕೆ ಬೇಡ? ಕಬ್ಬಿಣದ ಕಂಬ ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಬಾಗಿದ ಕಂಬ ರೆಕ್ಕೆಯ ಅಂಚಿಗೆ ಸಿಕ್ಕಿಕೊಂಡು ಕತ್ತಿಯ ಹಾಗೆ ಒಳಗೆ ಹೋಗುತ್ತದೆ. ಅಲ್ಲೇ ಹಿಂದೆ ಇಂಧನದ ಟ್ಯಾಂಕ್. ಆದ್ದರಿಂದ ಗಾಜಿನ ನಾರು, ರಾಳ ಸೇರಿಸಿ ಮಾಡಿದ ಫೈಬರ್ ಕಂಬ ಬಳಸುತ್ತಾರೆ. ಮಲ್ಪೆ, ಉಳ್ಳಾಲದ ಕಡಲಲ್ಲಿ ಓಡುವ ಫೈಬರ್ ದೋಣಿ ಇದೆಯಲ್ಲ, ಅದೇ ಜಾತಿಯ ವಸ್ತು. ಗಾಜಿನ ನೂಲುಗಳನ್ನು ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನ ಮೂಲಕ ಶ್ಯಾವಿಗೆ ಎಳೆದ ಹಾಗೆ ಎಳೆಯುತ್ತಾರೆ. ಆಗ ನಾರೆಲ್ಲ ಉದ್ದಕ್ಕೆ ಕೂರುತ್ತದೆ. ನನ್ನ ಮೇಜಿನ ಮೇಲೆ ಇಂಥ ಕಂಬದ ಒಂದು ಗೇಣು ತುಂಡು ಇದೆ. ಪರೀಕ್ಷೆಯಲ್ಲಿ ಮುರಿದದ್ದು. ಒಂದು ತುದಿ ಗರಗಸದಲ್ಲಿ ಕೊಯ್ದು ನುಣ್ಣಗಿದೆ. ಇನ್ನೊಂದು ತುದಿ ಅಡಿಕೆ ದಬ್ಬೆ ಸೀಳಿದ ಹಾಗೆ ಉದ್ದುದ್ದಕ್ಕೆ ಬಿರಿದಿದೆ. ಒಂದೊಂದು ಎಳೆಯೂ ಬೇರೆ. ಕೈಗೆತ್ತಿಕೊಂಡರೆ ಹಗುರ. ಅದೇ ಅಳತೆಯ ಉಕ್ಕಿನ ತೂಕದ ಕಾಲುಭಾಗ ಅಷ್ಟೇ. ಮುರಿದ ತುಂಡು ಹಾರಿದರೂ ವಿಮಾನಕ್ಕೆ ಆಗುವ ಪೆಟ್ಟು ಕಡಿಮೆ.

ಇನ್ನೊಂದು ಲಾಭ ಹೊರಗಿನವರಿಗೆ ಕಾಣುವುದಿಲ್ಲ, ನಮ್ಮವರಿಗೆ ಮಾತ್ರ ಬಹಳ ಮುಖ್ಯ. ಕಬ್ಬಿಣದ ಬೇಲಿ ರೇಡಿಯೊ ಅಲೆಯನ್ನು ಕನ್ನಡಿಯ ಹಾಗೆ ಹಿಂದಕ್ಕೆ ಎಸೆಯುತ್ತದೆ. ಲೋಕಲೈಸರ್‌ನ ಸಿಗ್ನಲ್ ಹತ್ತಿರದ ಲೋಹದ ಬೇಲಿಗೆ ಬಡಿದು ವಾಪಸ್ ಬಂದರೆ, ಮೋಡದೊಳಗೆ ಇಳಿಯುತ್ತಿರುವ ಪೈಲಟ್‌ಗೆ ರನ್‌ವೇಯ ನಡುಗೆರೆ ಸೊಟ್ಟಗೆ ಕಾಣಬಹುದು. ಫೈಬರ್ ಬೇಲಿಯೊಳಗೆ ಅಲೆ ಹಾದುಹೋಗುತ್ತದೆ. ತುಕ್ಕು ಹಿಡಿಯುವುದೂ ಇಲ್ಲ. ಉಪ್ಪುಗಾಳಿಯ ಕರಾವಳಿಯಲ್ಲಿ ಅದರ ಬೆಲೆ ನಿಮಗೆ ಗೊತ್ತು.

ಆದರೆ ಕಂಬ ಮುರಿದರಷ್ಟೇ ಸಾಲದು. ಬೇಲಿ ಅಂದರೆ ಸಾಲು. ಒಂದು ಕಂಬ ಮುರಿದು, ಬಲೆ ಮಾತ್ರ ಇಡಿಯಾಗಿ ಉಳಿದರೆ ಅದು ಮೀನಿನ ಬಲೆಯ ಹಾಗೆ ಚಕ್ರಕ್ಕೆ, ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಹಿಂದಿನ ಹತ್ತು ಕಂಬಗಳನ್ನೂ ಎಳೆದುಕೊಂಡು ಹೋಗುತ್ತದೆ. ಮೇಲೆ ಬಿಗಿದ ತಂತಿ ಹಗ್ಗ, ಸುರುಳಿ ಮುಳ್ಳುತಂತಿ ಇದ್ದರಂತೂ ಕೇಳುವುದೇ ಬೇಡ. ಒಳ್ಳೆಯ ಬೇಲಿಯಲ್ಲಿ ಪ್ರತಿ ಅಂಕಣವೂ, ಅಂದರೆ ಎರಡು ಕಂಬಗಳ ನಡುವಿನ ಭಾಗವೂ, ಬಿಡಿಬಿಡಿಯಾಗಿ ಕಳಚಿಕೊಳ್ಳಬೇಕು. ತಾಗಿದ ಕಡೆ ಕಿಟಕಿಯ ಹಾಗೆ ತೆರೆದುಕೊಂಡು ವಿಮಾನವನ್ನು ಬಿಟ್ಟುಬಿಡಬೇಕು, ಪಕ್ಕದ ಅಂಕಣ ನಿಂತೇ ಇರಬೇಕು. ಫೈಬರ್ ಬೇಲಿ ಅಂತ ಹೆಸರಿಟ್ಟು ಮೇಲೆ ಕಬ್ಬಿಣದ ತಂತಿ ಎಳೆದರೆ ಅದರ ಅರ್ಧ ಗುಣ ಹೋಯಿತು.

ಈಗ ಭದ್ರತೆ. ಗೋಡೆ ಗಟ್ಟಿ ಇದ್ದರೆ ಒಳಗೆ ಯಾರೂ ಬರುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಆಳವಾಗಿದೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ಗೋಡೆ ಒಡೆಯಲಿಲ್ಲ, ಹತ್ತಿ ಇಳಿದರು. ಅಮೆರಿಕದ ಸ್ಯಾನ್ ಹೋಸೆಯಲ್ಲಿ 2014ರ ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಏರ್‌ಪೋರ್ಟ್ ಬೇಲಿ ಹಾರಿ, ವಿಮಾನದ ಚಕ್ರದ ಗೂಡಿನಲ್ಲಿ ಕೂತು ಹವಾಯಿವರೆಗೆ ಹೋದ. ಪುಣ್ಯಕ್ಕೆ ಬದುಕಿದ. ಅವನು ಬೇಲಿ ಹಾರಿದ್ದು ಆ ಹೊತ್ತಿಗೆ ಯಾರ ಗಮನಕ್ಕೂ ಬರಲಿಲ್ಲ. ಬೇಲಿ ತಡಮಾಡಿಸುತ್ತದೆ ಅಷ್ಟೇ. ಹಿಡಿಯಬೇಕಾದವರು ಮನುಷ್ಯರು. ಯಾರೋ ಬೇಲಿ ಮುಟ್ಟಿದ್ದಾರೆ ಅಂತ ಮೊದಲ ಕ್ಷಣದಲ್ಲೇ ಗೊತ್ತಾಗಬೇಕು, ಏರ್‌ಪೋರ್ಟ್ ಕಾಯುವ ಸಿಐಎಸ್‌ಎಫ್ ಪಡೆಯ ಜೀಪು ಅಲ್ಲಿಗೆ ತಲುಪುವವರೆಗೆ ಬೇಲಿ ಅವನನ್ನು ನಿಲ್ಲಿಸಬೇಕು. ಫೈಬರ್ ಬೇಲಿಯನ್ನು ಗರಗಸದಿಂದ ಕೊಯ್ಯಬಹುದು, ಸುಳ್ಳು ಹೇಳುವುದಿಲ್ಲ. ಕಾಂಕ್ರೀಟ್ ಗೋಡೆಗೆ ಏಣಿ ಇಡುವುದೂ ಅಷ್ಟೇ ಸುಲಭ. ಆದರೆ ಬೇಲಿಯ ಉದ್ದಕ್ಕೂ ಆಪ್ಟಿಕಲ್ ಫೈಬರ್ ಕೇಬಲ್ ಓಡಿಸಿದರೆ ಗರಗಸದ ಒಂದೊಂದು ಎಳೆತದ ನಡುಕವೂ ಕಂಟ್ರೋಲ್ ರೂಮಿಗೆ ತಲುಪುತ್ತದೆ. ಬಲೆಯ ಬೇಲಿಯಾದ್ದರಿಂದ ಕಾವಲಿನವರಿಗೆ ಆಚೆ ಕಡೆ ನಿಂತವನೂ ಕಾಣುತ್ತಾನೆ. ಗೋಡೆಯ ಹಿಂದೆ ಅಡಗಬಹುದು, ಬಲೆಯ ಹಿಂದೆ ಆಗುವುದಿಲ್ಲ.

ವಾಹನದ ವಿಷಯದಲ್ಲಿ ಮಾತ್ರ ನಿಮ್ಮ ಭಯ ಪೂರ್ತಿ ಸರಿ. 55 ಕಿಲೋಜೂಲ್ ಅಂದರೆ ಒಂದು ಟನ್ ತೂಕದ ಕಾರು 38 ಕಿ.ಮೀ. ವೇಗದಲ್ಲಿ ಬಂದಷ್ಟು. ಅಂದರೆ ವಿಮಾನಕ್ಕೆ ಬಿಟ್ಟುಕೊಡುವ ಬೇಲಿ ಜೀಪಿಗೂ ಬಿಟ್ಟುಕೊಡುತ್ತದೆ. ಇದಕ್ಕೆ ಬೇಲಿಯೊಳಗೇ ಪರಿಹಾರ ಹುಡುಕಬಾರದು. ಮುರಿಯುವ ಬೇಲಿ ಎಲ್ಲಿ ಹಾಕುತ್ತೇವೋ ಅಲ್ಲಿಗೆ ಹೊರಗಿನ ವಾಹನ ಜೋರಾಗಿ ಬರಲು ದಾರಿಯೇ ಇರಬಾರದು. ರಸ್ತೆ ನೇರವಾಗಿ ಬೇಲಿಗೆ ಬಂದು ಸೇರುವಂತಿದ್ದರೆ ತಿರುವು ಕೊಡಬೇಕು, ಹೊರಗೆ ದೂರದಲ್ಲಿ ತಡೆ ಹಾಕಬೇಕು. ಏರ್‌ಪೋರ್ಟ್ ಸುತ್ತಲೂ ಫೈಬರ್ ಬೇಲಿ ಹಾಕಬೇಕು ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಟರ್ಮಿನಲ್ ಕಡೆ, ಹೆದ್ದಾರಿ ಕಡೆ ಗಟ್ಟಿ ಗೋಡೆಯೇ ಇರಲಿ. ರನ್‌ವೇಯ ಎರಡು ತುದಿಗಳ ನೇರಕ್ಕೆ, ಜಾಗ ಸಾಲದೆ ಬೇಲಿ ಹತ್ತಿರ ಬಂದಿರುವ ಕಡೆ, ಆಂಟೆನಾಗಳ ಮುಂದೆ, ಅಲ್ಲಿ ಬೇಕು ಈ ಬೇಲಿ. ರನ್‌ವೇ ಮುಗಿದ ಮೇಲೆ 60 ಮೀಟರ್ ಸ್ಟ್ರಿಪ್ (ಸಮತಟ್ಟು ಮಾಡಿದ ಪಟ್ಟಿ), ಅದರಾಚೆ ಕಡ್ಡಾಯವಾಗಿ 90 ಮೀಟರ್ ಸುರಕ್ಷಾ ಜಾಗ ಇರಬೇಕು. ಆ ಜಾಗ 240 ಮೀಟರ್ ಇದ್ದರೆ ಒಳ್ಳೆಯದು ಅಂತ ಐಕಾವೊ ಹೇಳುತ್ತದೆ. ಅಷ್ಟು ಜಾಗ ಇರುವ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಬೇಲಿಯ ಚಿಂತೆ ಕಡಿಮೆ. ಊರು ಬಂದು ಸುತ್ತಿಕೊಂಡಿರುವ ಹಳೆಯ ಏರ್‌ಪೋರ್ಟ್‌ಗಳಲ್ಲೇ ಕಷ್ಟ ಇರುವುದು.

ನಿಮ್ಮ ಬಜ್ಪೆಯ ಮಾತು ಬೇರೆ. ಗುಡ್ಡದ ತಲೆಯ ಮೇಲಿನ ರನ್‌ವೇಗೆ ಬೇಲಿ ದಾಟಿದರೆ ಕಣಿವೆ. ಅಲ್ಲಿ ಬೇಲಿ ಮೆತ್ತಗಿದ್ದರೂ ವಿಮಾನ ಉಳಿಯುವುದಿಲ್ಲ. ಬೇಲಿಗೆ ಬರುವ ಮೊದಲೇ ಅದನ್ನು ನಿಲ್ಲಿಸಬೇಕು. ಅದಕ್ಕೆ ಇಮಾಸ್ ಅನ್ನುವ ಹಾಸು ಇದೆ. ಚಕ್ರದ ಭಾರಕ್ಕೆ ಪುಡಿಯಾಗುವ ಹಗುರ ಸಿಮೆಂಟಿನ ದಿಮ್ಮಿಗಳ ಹಾಸು ಅದು. 70 ನಾಟ್, ಅಂದರೆ ಸುಮಾರು 130 ಕಿ.ಮೀ. ವೇಗದಲ್ಲಿ ರನ್‌ವೇ ಬಿಟ್ಟ ವಿಮಾನವನ್ನು ನಿಲ್ಲಿಸುವ ಲೆಕ್ಕದಲ್ಲಿ ಮಾಡುತ್ತಾರೆ. 1999ರಲ್ಲಿ ನ್ಯೂಯಾರ್ಕ್‌ನಲ್ಲಿ ಅದು ಮೊದಲ ಸಲ ಒಂದು ವಿಮಾನ ಹಿಡಿದು ನಿಲ್ಲಿಸಿತು. ಮುಂದೆಯೂ ಹಲವು ವಿಮಾನಗಳನ್ನು ಉಳಿಸಿದೆ. ಗುಡ್ಡದ ತಲೆಯ ಮೇಲಿನ ಇಂಥ ಟೇಬಲ್‌ಟಾಪ್ ರನ್‌ವೇಗಳಿಗೆ ಇದು ಬೇಕೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೇಲಿ ತಡೆಯಬೇಕಾದವರಲ್ಲಿ ನಾಲ್ಕು ಕಾಲಿನವರೂ ಇದ್ದಾರೆ. ಅವರ ಕಾಟವೇ ದಿನನಿತ್ಯದ್ದು. 2014ರ ನವೆಂಬರ್‌ನಲ್ಲಿ ಸೂರತ್‌ನಲ್ಲಿ ಟೇಕಾಫ್ ಓಟದಲ್ಲಿದ್ದ ವಿಮಾನದ ಇಂಜಿನ್ನಿಗೆ ಎಮ್ಮೆ ಬಡಿಯಿತು. ಮರುವರ್ಷ ಜಬಲ್‌ಪುರದಲ್ಲಿ ಇಳಿಯುತ್ತಿದ್ದ ವಿಮಾನ ಕಾಡುಹಂದಿಗಳಿಗೆ ಗುದ್ದಿತು. ಎರಡರಲ್ಲೂ ಪ್ರಯಾಣಿಕರು ಉಳಿದರು. ಹಂದಿ, ನರಿ, ನಾಯಿಗಳು ಬೇಲಿ ಹಾರುವುದಿಲ್ಲ, ಬುಡ ಕೆದಕಿ ನುಸುಳುತ್ತವೆ. ಯಾವ ಬೇಲಿಯಾದರೂ ಬಲೆಯನ್ನು ಮಣ್ಣಿನೊಳಗೆ ಇಳಿಸಲೇಬೇಕು. ಮಳೆನೀರಿನ ಮೋರಿ ಇರುವ ಕಡೆ ಸರಳು ಹಾಕಬೇಕು, ಆ ಸರಳಿಗೆ ಸಿಕ್ಕ ಕಸವನ್ನು ಮಳೆಗಾಲದಲ್ಲಿ ದಿನಾ ತೆಗೆಯಬೇಕು. ನೀರಿನ ವಿಷಯ ಬಂದಾಗ ಕೊಚ್ಚಿ ನೆನಪಾಗುತ್ತದೆ. 2018ರ ಆಗಸ್ಟ್ ನೆರೆಯಲ್ಲಿ ಅಲ್ಲಿನ ಏರ್‌ಪೋರ್ಟ್‌ನ ಕಾಂಪೌಂಡ್ ಗೋಡೆ ಎರಡು ಕಿ.ಮೀ.ಗೂ ಹೆಚ್ಚು ಉದ್ದ ಕುಸಿಯಿತು. ಗೋಡೆ ನೀರಿಗೆ ಎದೆಯೊಡ್ಡಿ ನಿಲ್ಲುತ್ತದೆ. ಬಲೆ ಬೇಲಿಯಲ್ಲಿ ನೀರು ಹಾದುಹೋಗುತ್ತದೆ. ನಮ್ಮ ಕಡೆಯ ಮಳೆಗೆ ಇದು ಸಣ್ಣ ವಿಷಯ ಅಲ್ಲ.

ಇದರ ಕೊರತೆಯನ್ನೂ ಹೇಳಬೇಕು. ದುಡ್ಡು ಜಾಸ್ತಿ. ಬಿಸಿಲಿಗೆ ವರ್ಷಗಟ್ಟಲೆ ನಿಂತರೆ ಮೇಲಿನ ರಾಳ ಸವೆದು ಗಾಜಿನ ನಾರು ಹೊರಗೆ ಏಳುತ್ತದೆ, ಮುಟ್ಟಿದವನ ಕೈ ತುರಿಸುತ್ತದೆ. ಬಿಸಿಲು ತಡೆಯುವ ಲೇಪನ ಸರಿಯಾಗಿರಬೇಕು, ಕಾಲಕಾಲಕ್ಕೆ ಮತ್ತೆ ಹಚ್ಚಬೇಕು. ಆದರೆ ನನಗೆ ಹೆಚ್ಚು ಭಯ ಬೇರೆಯದ್ದು. ಒಂದು ಸಣ್ಣ ಏರ್‌ಪೋರ್ಟ್‌ನಲ್ಲಿ ರನ್‌ವೇ ತುದಿಯ ಮುರಿಯುವ ಕಂಬಗಳನ್ನು ನೋಡಲು ಹೋಗಿದ್ದೆ. ಕಂಬದ ಬುಡದಲ್ಲಿ ನಡು ಸಣ್ಣ ಮಾಡಿದ ನಾಲ್ಕು ಬೋಲ್ಟ್ ಇರಬೇಕಿತ್ತು. ಹೊಡೆತಕ್ಕೆ ಕತ್ತರಿಸಿಹೋಗುವುದೇ ಅವುಗಳ ಕೆಲಸ. ನೋಡಿದರೆ ಬೋಲ್ಟ್ ಕಾಣಲೇ ಇಲ್ಲ. ಮೊಣಕಾಲೆತ್ತರಕ್ಕೆ ಸಿಮೆಂಟ್ ಕಟ್ಟೆ. ಮೇಸ್ತ್ರಿಯನ್ನು ಕೇಳಿದೆ. "ಸಾರ್, ಗಾಳಿಗೆ ಸ್ವಲ್ಪ ಅಲ್ಲಾಡ್ತಿತ್ತು, ಗಟ್ಟಿ ಮಾಡಿದ್ವಿ" ಅಂದ. ಅವನ ಮುಖದಲ್ಲಿ ಒಳ್ಳೆ ಕೆಲಸ ಮಾಡಿದ ಸಮಾಧಾನ ಇತ್ತು. ಅವನನ್ನು ಬೈಯುವುದು ಹೇಗೆ? ಮುರಿಯಬೇಕಾದ್ದು ಮುರಿಯಲೇಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅವತ್ತು ಸಂಜೆಯೊಳಗೆ ಕಟ್ಟೆ ಒಡೆಸಿದೆವು. ಅವನೇ ಮುಂದೆ ನಿಂತು ಒಡೆದ.

ನೀವು ಬೇಲಿಯ ಪಕ್ಕದಲ್ಲೇ ಇರುವವರು, ನಿಮ್ಮಿಂದಲೂ ಒಂದು ಉಪಕಾರ ಆಗುತ್ತದೆ. ನಾಯಿ ನುಸುಳುವ ಕಿಂಡಿ, ಕುಸಿದ ಗೋಡೆ, ಮೋರಿಯ ಮುರಿದ ಸರಳು ಕಂಡರೆ ಏರ್‌ಪೋರ್ಟ್‌ಗೆ ತಿಳಿಸಿ. ಹತ್ತಿರದಲ್ಲಿ ಕೋಳಿ ಅಂಗಡಿಯ ಕಸ ಸುರಿಯುತ್ತಿದ್ದರೆ ಅದನ್ನೂ ತಿಳಿಸಿ. ಏರ್‌ಪೋರ್ಟ್‌ನ 10 ಕಿ.ಮೀ. ಒಳಗೆ ಹದ್ದು, ನಾಯಿ ಸೇರುವಂತೆ ಕಸ ಎಸೆಯುವುದಕ್ಕೆ ವಿಮಾನ ನಿಯಮಗಳಲ್ಲೇ ನಿಷೇಧ ಇದೆ.

ಮೊಮ್ಮಗನಿಗೆ ಈ ವಿಷಯದಲ್ಲೇ ಪ್ರಾಜೆಕ್ಟ್ ಮಾಡುವ ಆಸೆ ಇದ್ದರೆ ನನ್ನದೊಂದು ಮಾತು ಹೇಳಿ. ಕಂಬದ ತಲೆ ಬಿಟ್ಟು ಬುಡದಿಂದ ಶುರು ಮಾಡಲಿ. ಅಮೆರಿಕದ ನಿಯಮದಲ್ಲಿ ಕಂಬ ಮುರಿಯುವ ಜಾಗ ನೆಲದಿಂದ 3 ಇಂಚಿಗಿಂತ ಮೇಲೆ ಇರುವಂತಿಲ್ಲ. ಮುರಿದ ಮೇಲೆ ಉಳಿಯುವ ಮೋಟೂ ಚಕ್ರಕ್ಕೆ ಸಿಗಬಾರದು ಅಂತ. ಒಂದು ಸ್ಕೇಲ್ ಹಿಡಿದು ಕೂತರೆ ಆ 3 ಇಂಚಿನಲ್ಲೇ ಅವನಿಗೆ ಒಂದು ವರ್ಷದ ಕೆಲಸ ಇದೆ.